ದೇವರ ಗೂಡಿನಲ್ಲೊಂದು ಪೆನ್‌ಡ್ರೈವ್

ನಮ್ಮ ಮನೆಯ ದೇವರ ಗೂಡಿನಲ್ಲಿ ಸಿದ್ದರಬೆಟ್ಟದ ಸಿದ್ಧೇಶ್ವರನ ಫೋಟೊ ಇದೆ, ಗೊರವನಹಳ್ಳಿ ಲಕ್ಷ್ಮಿ ಇದ್ದಾಳೆ, ಅಪ್ಪ ಎಂದೋ ತಂದಿಟ್ಟ ವಿಭೂತಿ ಗಟ್ಟಿ ಇದೆ, ಸೀಳುದನಿಯ ಒಂದು ಹಿತ್ತಾಳೆ ಗಂಟೆ ಇದೆ. ಇವರೆಲ್ಲರ ನಡುವೆ ಒಂದು ಪೆನ್‌ಡ್ರೈವ್ ಇದೆ. ಶುಕ್ರವಾರ ಬಂದರೆ ಅದಕ್ಕೂ ಒಂದು ಚುಕ್ಕೆ ಕುಂಕುಮ, ಮೇಲೊಂದು ಹೂವು. ಮನೆಗೆ ಬಂದ ನೆಂಟರು ಕೈಮುಗಿಯಲು ಬಗ್ಗುತ್ತಾರೆ, ಅದನ್ನು ಕಾಣುತ್ತಾರೆ, ಮುಗಿಯುತ್ತಿದ್ದ ಕೈಯನ್ನು ಅರ್ಧಕ್ಕೇ ನಿಲ್ಲಿಸಿ ನನ್ನ ಮುಖ ನೋಡುತ್ತಾರೆ. ನನ್ನ ಗಂಡ ಮಾತ್ರ ಏನೂ ಕೇಳುವುದಿಲ್ಲ. ಮದುವೆಯಾದ ಹೊಸತರಲ್ಲಿ ಒಮ್ಮೆ ಕೇಳಿದ್ದರು. ನಾನು ಹೇಳಲು ಕುಳಿತೆ, ಕಥೆ ಅರ್ಧಕ್ಕೆ ಬರುವಷ್ಟರಲ್ಲಿ ಒಲೆಯ ಮೇಲಿನ ಸಾರು ತಳ ಹಿಡಿಯಿತು. ಅಂದಿನಿಂದ ಅವರು ಆ ಸುದ್ದಿಗೇ ಬಂದಿಲ್ಲ. ನಿಮ್ಮ ಒಲೆಯ ಮೇಲೆ ಸದ್ಯಕ್ಕೆ ಏನೂ ಇಲ್ಲವೆಂದುಕೊಂಡು ನಿಮಗೆ ಹೇಳುತ್ತಿದ್ದೇನೆ.

ಪೆನ್‌ಡ್ರೈವ್ ಕೆಂಪು ಬಣ್ಣದ್ದು. ಮುಚ್ಚಳ ಕಳೆದುಹೋಗಿದೆ. ದೃಷ್ಟಿಯಾಗದಿರಲೆಂದು ಒಂದು ಕರಿದಾರ ಕಟ್ಟಿದೆ. ಕಟ್ಟಿದವಳು ನಾನಲ್ಲ, ಅದರ ಹಿಂದಿನ ಯಜಮಾನರು. ಒಳಗಿರುವುದೆಲ್ಲ ಹಾಡುಗಳೇ. ಮೊದಲನೆಯದು ಕನ್ನಡದ್ದಲ್ಲ, ತೆಲುಗಿನದಲ್ಲ, ಉರ್ದುವಿನದೂ ಅಲ್ಲ. ಈ ಮೂರರಲ್ಲಿ ಒಂದೂ ಅಲ್ಲವೆಂದರೆ ಅದು ಇಂಗ್ಲಿಷು ಎಂದು ನಮ್ಮ ಕಡೆ ತೀರ್ಮಾನ. ಇಂಗ್ಲಿಷೂ ಅಲ್ಲ. ಅದು ಸ್ಪ್ಯಾನಿಷ್. ದಕ್ಷಿಣ ಅಮೆರಿಕದ ಕಡೆಯ ಒಬ್ಬ ಪಾಪ್ ಗಾಯಕಿ ಹಾಡಿದ್ದು. ಅವಳ ಹೆಸರನ್ನು ನಾನು ಹೇಳುವುದಿಲ್ಲ. ನನ್ನ ಬಾಯಲ್ಲಿ ಅದು ಬರುವ ರೀತಿಗೆ ಅವಳು ಎದುರಿಗೇ ನಿಂತಿದ್ದರೂ ತಿರುಗಿ ನೋಡಲಾರಳು. ದೊಡ್ಡ ದೊಡ್ಡ ಮೈದಾನಗಳಲ್ಲಿ ಹಾಡುವವಳಂತೆ, ಅವಳು ವೇದಿಕೆಗೆ ಬಂದರೆ ಜನ ಎದ್ದು ನಿಂತು ಕುಣಿಯುತ್ತಾರಂತೆ. ಈ ಹಾಡಿಗೆ ಮಾತ್ರ ಯಾರೂ ಕುಣಿಯಲಾರರು. ಒಂದು ಗಿಟಾರು ಮೆಲ್ಲಗೆ ಶುರುವಾಗುತ್ತದೆ, ಆಮೇಲೆ ಸ್ವಲ್ಪ ಒಡೆದ ಅವಳ ದನಿ. ಕೂಗುವುದಿಲ್ಲ, ಎಳೆಯುವುದಿಲ್ಲ. ಪಕ್ಕದಲ್ಲಿ ಕುಳಿತು ಸೊಪ್ಪು ಬಿಡಿಸುತ್ತಾ ಹೇಳಿಕೊಳ್ಳುವವರ ಹಾಗೆ ಹಾಡುತ್ತಾಳೆ. ಮಧ್ಯೆ ಒಂದು ಕಡೆ ಹಾಡು ನಿಂತು ಅವಳು ಉಸಿರು ಎಳೆದುಕೊಳ್ಳುವುದು ಕೇಳಿಸುತ್ತದೆ. ನನ್ನ ಕಥೆಯೆಲ್ಲ ಆ ಉಸಿರಿನದು.

ಈ ಮಹಾತಾಯಿಯನ್ನು ನಾನು ಮೊದಲು ಕೇಳಿದ್ದು ತೋವಿನಕೆರೆಯ ಖಾಸಗಿ ಬಸ್ಸಿನಲ್ಲಿ. ಬಸ್ಸು ಬೆಳಿಗ್ಗೆ ನಮ್ಮೂರಿಂದ ಹೊರಟು ಕೊರಟಗೆರೆ ಮೇಲೆ ಮಧುಗಿರಿಗೆ ಹೋಗಿ, ಅಲ್ಲಿಂದ ಕೊಡಿಗೇನಹಳ್ಳಿಗೆ ಹೋಗುತ್ತಿತ್ತು. ನಾನು ಆಗ ಮಧುಗಿರಿಯ ಒಂದು ಕಚೇರಿಯಲ್ಲಿ ಟೈಪಿಸ್ಟು. ಡ್ರೈವರ್ ಹನುಮಂತರಾಯಪ್ಪನವರು ಪಾವಗಡದ ಕಡೆಯವರು. ಅರ್ಧ ಮಾತು ಕನ್ನಡ, ಅರ್ಧ ತೆಲುಗು, ಬಸ್ಸಿಗೆ ಅಡ್ಡ ಬಂದ ಎಮ್ಮೆಗೆ ಮಾತ್ರ ಪೂರ್ತಿ ತೆಲುಗು. ದಿನಾ ಬೆಳಿಗ್ಗೆ ಅವರದೊಂದು ನೇಮ ಇತ್ತು. ಮುಂದಿನ ಗಾಜು ತೊಳೆದು, ಅದರ ಮೇಲ್ಗಡೆ ಸಾಲಾಗಿ ಅಂಟಿಸಿದ್ದ ಸಿದ್ಧೇಶ್ವರ, ಮೆಕ್ಕಾ, ಯೇಸು ಮೂರಕ್ಕೂ ಊದುಬತ್ತಿ ತೋರಿಸಿ, ಬತ್ತಿಯನ್ನು ಸ್ಟೇರಿಂಗಿನ ಪಕ್ಕದ ಸಂದಿಗೆ ಸಿಕ್ಕಿಸಿ, ಹಾಡು ಹಾಕಿ, ಆಮೇಲೆ ಗೇರು ಹಾಕುತ್ತಿದ್ದರು. ಹತ್ತುವವರು ಮೂರೂ ಮತದವರು, ಹಾಗಾಗಿ ಕಾಯುವವರೂ ಮೂವರು ಇರಲಿ ಎಂಬುದು ಅವರ ಲೆಕ್ಕಾಚಾರ.

ಹಾಡಿಗೂ ಇದೇ ಲೆಕ್ಕಾಚಾರ. ಬಸ್ಸಿನ ರಿಪೇರಿಗೆಂದು ಶಿರಾಕ್ಕೆ ಹೋಗಿದ್ದಾಗ ಅಲ್ಲಿ ಇಮ್ತಿಯಾಜ್ ಎಂಬ ಹುಡುಗನ ಮೊಬೈಲ್ ಅಂಗಡಿಯಲ್ಲಿ ಪೆನ್‌ಡ್ರೈವಿಗೆ ಹಾಡು ತುಂಬಿಸಿದರಂತೆ. ಭಕ್ತಿಗೀತೆಯೇ ಬೇಕು, ಮೂರೂ ಧರ್ಮದ್ದೂ ಬೇಕು ಎಂದರಂತೆ. ಸಿದ್ಧೇಶ್ವರನ ಹಾಡು ಅಂಗಡಿಯಲ್ಲಿ ಬೇಕಾದಷ್ಟು ಇತ್ತು. ದರ್ಗಾದ ಹಾಡನ್ನು ಇಮ್ತಿಯಾಜ್ ತನ್ನ ಫೋನಿನಿಂದಲೇ ಕೊಟ್ಟ. ಯೇಸುವಿನದು ಒಂದೂ ಇರಲಿಲ್ಲ. ಗಿರಾಕಿಯನ್ನು ಬರಿಗೈಲಿ ಕಳಿಸಬಾರದೆಂದು ಅವನು ಕಂಪ್ಯೂಟರನ್ನೆಲ್ಲ ತಡಕಾಡಿದಾಗ ಸಿಕ್ಕಿದವಳು ಇವಳು. ಚಿತ್ರದಲ್ಲಿ ಬಿಳಿ ಬಟ್ಟೆ ಉಟ್ಟು, ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಾಳೆ. ಪಕ್ಕದಲ್ಲಿ ಮೇಣದ ಬತ್ತಿ ಬೇರೆ ಉರಿಯುತ್ತಿದೆ. ಅವಳು ದುವಾ ಮಾಡುತ್ತಿದ್ದಾಳೆ ಎಂದು ಇಮ್ತಿಯಾಜ್ ಹೇಳಿದನಂತೆ. ಇಬ್ಬರೂ ನಿಂತು ಹಾಡು ಕೇಳಿದರಂತೆ. ಆ ಉಸಿರು ಎಳೆಯುವ ಜಾಗ ಬಂದಾಗ ಇಬ್ಬರಿಗೂ ಕೈಮುಗಿಯಬೇಕೆನ್ನಿಸಿತಂತೆ. ಇನ್ನೇನು ಬೇಕು, ಅದು ಭಕ್ತಿಗೀತೆಯೇ ಆಯಿತು.

ಪೆನ್‌ಡ್ರೈವಿನೊಳಗೆ ಹೋದ ಮೇಲೆ ಯಾರು ಮುಂದೆ ಯಾರು ಹಿಂದೆ ಎಂಬುದು ಯಂತ್ರಕ್ಕೆ ಬಿಟ್ಟದ್ದು. ಯಂತ್ರ ಇವಳನ್ನು ಮೊದಲಿಗೆ ನಿಲ್ಲಿಸಿತು. ಸಿದ್ಧೇಶ್ವರನನ್ನು ಮುಂದೆ ತರಲು ಹನುಮಂತರಾಯಪ್ಪನವರು ಇದ್ದ ಗುಂಡಿಗಳನ್ನೆಲ್ಲ ಒತ್ತಿ ನೋಡಿ, ಬರುವವಳನ್ನು ತಡೆಯಲು ನಾವು ಯಾರು ಎಂದು ಕೈಬಿಟ್ಟರು. ಆ ಯಂತ್ರಕ್ಕೆ ಇನ್ನೊಂದು ಗುಣವಿತ್ತು. ಇಂಜಿನ್ ಆರಿಸಿ ಮತ್ತೆ ಶುರು ಮಾಡಿದರೆ ಅದೂ ಮೊದಲಿನಿಂದ ಶುರುಮಾಡುತ್ತಿತ್ತು. ಹೀಗಾಗಿ ತೋವಿನಕೆರೆಯಲ್ಲಿ ಒಂದು ಸಲ, ಟೀ ಕುಡಿದು ಹೊರಡುವಾಗ ಕೊರಟಗೆರೆಯಲ್ಲಿ ಇನ್ನೊಂದು ಸಲ, ಬಸ್ಸಿನವರೆಲ್ಲ ಆ ಹಾಡು ಕೇಳುತ್ತಿದ್ದೆವು. ಹಾಲಿನ ಕ್ಯಾನಿನವರು ಟೋಪಿ ತೆಗೆಯುತ್ತಿದ್ದರು. ಮುದುಕರು ಮಾತು ನಿಲ್ಲಿಸುತ್ತಿದ್ದರು. ನಾನೂ ಅದನ್ನು ಯೇಸುವಿನ ಹಾಡೆಂದೇ ತಿಳಿದು ಮೊದಮೊದಲು ಮರ್ಯಾದೆಗೆ ಕಿಟಕಿ ಕಡೆ ತಿರುಗಿ ಸುಮ್ಮನೆ ಕೂರುತ್ತಿದ್ದೆ.

ಈಗ ಸ್ವಲ್ಪ ನನ್ನ ಕಥೆ. ಪಾವಗಡದಿಂದ ನನಗೊಂದು ಗಂಡು ಬಂದಿತ್ತು. ಅಲ್ಲಿನ ಸೋಲಾರ್ ಪಾರ್ಕಿನಲ್ಲಿ ಕೆಲಸ. ಹೆಸರು ಬೇಡ, ಅವರಿಗೂ ಈಗ ಹೆಂಡತಿ ಮಕ್ಕಳಿದ್ದಾರೆ. ನಮ್ಮಲ್ಲಿ ಗಂಡಿನ ಕಡೆಯವರು ಮನೆಗೆ ಬಂದು ಹುಡುಗಿಯ ತಲೆಗೆ ಹೂ ಮುಡಿಸಿ ಹೋದರೆ ಮಾತು ಗಟ್ಟಿಯಾಯಿತೆಂದು ಅರ್ಥ. ಮುಡಿಸಿಯೂ ಹೋದರು. ಜಡೆ ಕಾಣದಷ್ಟು ಮಲ್ಲಿಗೆ, ಕನಕಾಂಬರ. ಅಂದು ಕತ್ತು ನೋವಿನಲ್ಲೂ ಕನ್ನಡಿ ಬಿಟ್ಟು ಕದಲಲಿಲ್ಲ ನಾನು. ಆಮೇಲೆ ಫೋನು. ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಅವರು ಮಾಡುತ್ತಿದ್ದರು. ಡಬ್ಬಿಯಲ್ಲಿ ಏನಿದೆ ಎಂದು ಕೇಳುವುದು, ನಾನು ಹೇಳುವುದು, ತಮಗೆ ಇವತ್ತೂ ಪಪ್ಪೇ, ಅಂದರೆ ತೊವ್ವೆಯೇ, ಎಂದು ಅವರು ನಿಟ್ಟುಸಿರು ಬಿಡುವುದು. ಇಷ್ಟೇ ಮಾತು. ತಿಂದೆಯಾ ಎನ್ನಲು ತೆಲುಗಿನಲ್ಲಿ 'ತಿನ್ನಾವಾ' ಎನ್ನಬೇಕೆಂದು ಹೇಳಿಕೊಟ್ಟರು. ತಿನ್ನದಿದ್ದರೂ ತಿಂದೆನೆಂದು ತೆಲುಗಿನಲ್ಲೇ ಸುಳ್ಳು ಹೇಳಲು ನಾನು ಕಲಿತೆ. ಇದು ಪ್ರೀತಿಯೇ ಎಂದು ನೀವು ಕೇಳಬಹುದು. ನನಗಂತೂ ಬೇರೆ ಯಾವುದೂ ಗೊತ್ತಿರಲಿಲ್ಲ, ಅದೇ ಪ್ರೀತಿ.

ಮೊದಲು ಫೋನು ಕಡಿಮೆಯಾಯಿತು, ಆಮೇಲೆ ನಿಂತಿತು. ಒಂದು ದಿನ ಅವರ ತಂದೆ ಇನ್ನೊಬ್ಬ ಹಿರಿಯರನ್ನು ಕರೆದುಕೊಂಡು ಬಂದು, ಕಾಫಿ ಬೇಡವೆಂದು, ಬರೀ ನೀರು ಕುಡಿದು, ಹುಡುಗನಿಗೆ ಮನಸ್ಸಿಲ್ಲವಂತೆ ಎಂದು ನೆಲ ನೋಡುತ್ತಾ ಹೇಳಿ ಹೋದರು. ಕಾಫಿ ಬೇಡ ಎಂದಾಗಲೇ ನನಗೆ ಗೊತ್ತಾಗಿತ್ತು. ಹೂವಿನ ಜೊತೆ ಅವರು ಕೊಟ್ಟಿದ್ದ ಸೀರೆಯನ್ನು ಅಪ್ಪ ಮಡಿಸಿದ ಮಡಿಕೆಯಲ್ಲೇ ವಾಪಸು ಕಳಿಸಿದರು. ಹೂವನ್ನು ವಾಪಸು ಮಾಡುವುದು ಹೇಗೆ? ಅದು ಎಂದೋ ಬಾಡಿ ತಿಪ್ಪೆ ಸೇರಿತ್ತು. ಅಂದಿನಿಂದ ನಾನು ಹೂ ಮುಡಿಯುವುದನ್ನು ಬಿಟ್ಟೆ. ಬಿಡು ಎಂದು ಯಾರೂ ಹೇಳಲಿಲ್ಲ. ತಲೆಗೆ ಹೂವು ಸೋಕಿದರೆ ಆ ದಿನ ನೆನಪಾಗುತ್ತಿತ್ತು, ಅಷ್ಟೆ.

ಅಳು ಬರುತ್ತಿತ್ತು. ಆದರೆ ಅಳಲು ಜಾಗವಿರಲಿಲ್ಲ. ನಗಬೇಡಿ, ಇದು ದೊಡ್ಡ ಸಮಸ್ಯೆ. ಮನೆಯಲ್ಲಿ ನಾನು ಮೂಗು ಕೆಂಪು ಮಾಡಿಕೊಳ್ಳುವುದರೊಳಗೆ ಅಮ್ಮ ಅಳಲು ಶುರುಮಾಡುತ್ತಿದ್ದಳು. ಅವಳಿಗೆ ನೀರು ಕೊಟ್ಟು, ಬೆನ್ನು ಸವರಿ, ನನಗೇನೂ ಆಗಿಲ್ಲ ಎಂದು ಸಮಾಧಾನ ಮಾಡುವಷ್ಟರಲ್ಲಿ ಅಡುಗೆ ಹೊತ್ತಾಗುತ್ತಿತ್ತು. ನನ್ನ ಸರದಿ ಬರುತ್ತಲೇ ಇರಲಿಲ್ಲ. ಕಚೇರಿಯಲ್ಲಿ ಕಣ್ಣು ಒರೆಸಿಕೊಂಡರೆ ಆರು ಜನ ಬಂದು ವಿಚಾರಿಸುತ್ತಾರೆ, ಏಳನೆಯವರು ತಮ್ಮ ಅಣ್ಣನ ಮಗನ ಜಾತಕ ತರುತ್ತಾರೆ.

ನಮ್ಮಜ್ಜಿಯ ಕಾಲದಲ್ಲಿ ಈ ತೊಂದರೆ ಇರಲಿಲ್ಲ. ಅಜ್ಜಿಯ ಅಡುಗೆಮನೆಯಲ್ಲಿ ಸೌದೆ ಒಲೆ ಇತ್ತು. ಹಸಿ ಸೌದೆ ತುರುಕಿ ಊದುಗೊಳವೆ ಹಿಡಿದು ಕುಳಿತರೆ ಮನೆ ತುಂಬ ಹೊಗೆ. ಅಜ್ಜಿಯ ಕಣ್ಣಲ್ಲಿ ನೀರು ಸುರಿಯುತ್ತಿದ್ದರೆ ಯಾರೂ ಯಾಕೆಂದು ಕೇಳುತ್ತಿರಲಿಲ್ಲ. ನಾನು ಚಿಕ್ಕವಳಿದ್ದಾಗ ಒಮ್ಮೆ, ಒಲೆ ಚೆನ್ನಾಗಿ ಉರಿಯುತ್ತಿದೆಯಲ್ಲ, ಹೊಗೆಯೇ ಇಲ್ಲವಲ್ಲ, ಯಾಕಜ್ಜಿ ಅಳುತ್ತೀ ಎಂದು ಕೇಳಿಬಿಟ್ಟೆ. ಅಜ್ಜಿ ಏನೂ ಹೇಳದೆ ಒಂದು ಹಸಿ ಕಟ್ಟಿಗೆಯನ್ನು ಒಲೆಗೆ ತಳ್ಳಿದಳು. ಹೊಗೆ ಬಂತು, ನಾನು ಕೆಮ್ಮುತ್ತಾ ಹೊರಗೆ ಓಡಿದೆ. ಆಮೇಲೆ ಗ್ಯಾಸ್ ಬಂತು, ಒಳ್ಳೆಯದೇ ಆಯಿತು, ಅಮ್ಮನ ಕಣ್ಣು ಉಳಿಯಿತು. ಆದರೆ ಅಜ್ಜಿಗಿದ್ದ ಆ ಅನುಕೂಲ ನನ್ನ ಕಾಲಕ್ಕೆ ಉಳಿಯಲಿಲ್ಲ. ಈರುಳ್ಳಿ ಹೆಚ್ಚಿ ನೋಡಿದೆ. ಎಷ್ಟೆಂದು ಹೆಚ್ಚುವುದು, ಮೂರು ದಿನ ಈರುಳ್ಳಿ ಹುಳಿ ತಿಂದು ಅಪ್ಪ ಗೊಣಗಿದರು.

ಇಂಥ ಪರಿಸ್ಥಿತಿಯಲ್ಲಿ ಒಂದು ಸೋಮವಾರ ಬಸ್ಸಿನಲ್ಲಿ ಆ ಗಿಟಾರು ಶುರುವಾಯಿತು. ಎಂದಿನಂತೆ ಕಿಟಕಿ ಕಡೆ ತಿರುಗಿ ಕುಳಿತಿದ್ದೆ. ಅವಳು ಹಾಡುತ್ತಾ ಹಾಡುತ್ತಾ ಬಂದು, ನಿಂತು, ಆ ಉಸಿರು ಎಳೆದುಕೊಂಡಳು. ನನ್ನ ಉಸಿರೂ ಅಲ್ಲೇ ಸಿಕ್ಕಿಕೊಂಡಿತು. ಆಮೇಲೆ ತಡೆಯಲಾಗಲಿಲ್ಲ. ದುಪ್ಪಟ್ಟಾ ಬಾಯಿಗೆ ತುರುಕಿಕೊಂಡರೂ ಭುಜ ಅಲುಗುವುದು ನಿಲ್ಲಲಿಲ್ಲ. ಬಸ್ಸಿಗೆ ಬಸ್ಸೇ ನನ್ನನ್ನು ನೋಡುತ್ತಿತ್ತು. ಹಿಂದಿನ ಸೀಟಿನ ಹೆಂಗಸೊಬ್ಬಳು, ಯಾಕಮ್ಮ, ಮನೇಲಿ ಏನಾದ್ರೂ ಆಯ್ತಾ ಎಂದು ಬಗ್ಗಿದಳು. ಇನ್ನು ಮುಗಿಯಿತು, ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಎಂದುಕೊಳ್ಳುವಷ್ಟರಲ್ಲಿ ಇಂಜಿನ್ ಪಕ್ಕದಿಂದ ಒಂದು ದನಿ ಬಂತು.

"ಸುಮ್ಕಿರ್ರಿ. ದೇವ್ರ ಹಾಡು ಕೇಳ್ಕಂಡು ಅಳ್ತಾ ಐತೆ ಮಗ. ಭಕ್ತಿ ಇರೋರ್ಗೆ ಅಂಗೇ ಆಗೋದು."

ಹೂವಿನ ನರಸಮ್ಮ. ಹಳ್ಳಿ ಹಳ್ಳಿಯ ಹೂವು ತಂದು ಕಟ್ಟಿ ಮಧುಗಿರಿಯಲ್ಲಿ ಮಾರುವ ಮುದುಕಿ. ಬುಟ್ಟಿಯನ್ನು ಇಂಜಿನ್ ಪಕ್ಕ ಇಟ್ಟು, ಅದರ ಮೇಲೆ ಒದ್ದೆ ಗೋಣಿ ಹೊದಿಸಿ, ಬಸ್ಸು ಎಷ್ಟೇ ಕುಲುಕಿದರೂ ದಾರ ತಪ್ಪದಂತೆ ಹೂ ಕಟ್ಟುತ್ತಾ ಕೂರುತ್ತಿದ್ದಳು. ಅಲ್ಲಿಯವರೆಗೆ ನನ್ನೊಡನೆ ಅವಳು ಮಾತಾಡಿದ್ದೇ ಇಲ್ಲ. ಅವಳ ಒಂದು ಮಾತಿಗೆ ಬಸ್ಸಿನ ನೋಟವೇ ಬದಲಾಯಿತು. ಬಗ್ಗಿದ್ದ ಹೆಂಗಸು ನೆಟ್ಟಗೆ ಕುಳಿತಳು. ಯಾರೋ ಲೊಚಗುಟ್ಟಿದರು, ಆದರೆ ಅದು ಅಯ್ಯೋ ಪಾಪದ ಲೊಚಗುಟ್ಟುವಿಕೆಯಲ್ಲ, ಎಂಥಾ ಹುಡುಗಿ ಎನ್ನುವಂಥದ್ದು. ಇಳಿಯುವಾಗ ನರಸಮ್ಮ ನನ್ನ ಕೈ ಹಿಡಿದು ನಿಲ್ಲಿಸಿ, ಒಂದು ಮೊಳ ಕನಕಾಂಬರ ಕಿತ್ತು, ತಾನೇ ನನ್ನ ಜಡೆಗೆ ಸಿಕ್ಕಿಸಿದಳು. ಬೇಡ ಎಂದೆ. ದೇವರ ಪ್ರಸಾದ, ಬೇಡ ಅನ್ನಬಾರದು ಎಂದಳು. ಪ್ರಸಾದವೆಂದ ಮೇಲೆ ಮುಡಿದೇ ಕಚೇರಿಗೆ ನಡೆದೆ.

ಅಲ್ಲಿಂದ ಮುಂದೆ ನನಗೆ ದಿನಾ ಅಳಲು ಪರವಾನಗಿ ಸಿಕ್ಕಿತು. ತೋವಿನಕೆರೆಯಲ್ಲಿ ಒಂದು ಕಂತು, ಕೊರಟಗೆರೆಯಲ್ಲಿ ಇನ್ನೊಂದು, ಇಳಿಯುವಾಗ ನರಸಮ್ಮನ ಒಂದು ಮೊಳ ಪ್ರಸಾದ. ನನಗೆಂದು ಕಿಟಕಿ ಪಕ್ಕದ ಸೀಟು ಬಿಡುತ್ತಿದ್ದರು. ಮಕ್ಕಳು ಗಲಾಟೆ ಮಾಡಿದರೆ, ಲೇ, ಅಕ್ಕ ಧ್ಯಾನ ಮಾಡ್ತಾವ್ಳೆ ಎಂದು ತಾಯಂದಿರು ಗದರುತ್ತಿದ್ದರು. ಒಬ್ಬ ಮುದುಕರು ತಮ್ಮ ಮೊಮ್ಮಗಳ ಪರೀಕ್ಷೆಗೆ ಪ್ರಾರ್ಥನೆ ಮಾಡೆಂದು ನನ್ನನ್ನು ಕೇಳಿಕೊಂಡರು. ಮಾಡಿದೆ. ಅವಳು ಪಾಸಾದಳು, ನನ್ನ ಮರ್ಯಾದೆ ಇನ್ನೂ ಒಂದು ಕೈ ಏರಿತು. ಇಂಥ ಮರ್ಯಾದೆ ಪಾವಗಡದವರನ್ನು ಮದುವೆಯಾಗಿದ್ದರೂ ಸಿಗುತ್ತಿರಲಿಲ್ಲ. ಕೊರಟಗೆರೆ ದಾಟಿ ಸ್ವಲ್ಪ ದೂರ ಹೋದರೆ ಮಧುಗಿರಿ ಬೆಟ್ಟ ಕಾಣುತ್ತದೆ. ಒಂದೇ ಬಂಡೆ, ಗಿಡವಿಲ್ಲ, ಮರವಿಲ್ಲ. ಅದು ಕಂಡ ಕೂಡಲೆ ನಾನು ಮುಖ ಒರೆಸಿಕೊಂಡು, ಪೌಡರ್ ಹಚ್ಚಿಕೊಂಡು, ಕಚೇರಿಗೆ ತಯಾರಾಗುತ್ತಿದ್ದೆ. ಮಧ್ಯಾಹ್ನ ಡಬ್ಬಿ ತೆರೆದಾಗ ಕೈ ಫೋನಿನ ಕಡೆ ಹೋಗುತ್ತಿತ್ತು ನಿಜ. ಆದರೆ ನಾಳೆ ಬೆಳಿಗ್ಗೆ ಬಸ್ಸಿದೆ ಎಂದುಕೊಂಡರೆ ಅನ್ನ ಗಂಟಲಲ್ಲಿ ಇಳಿಯುತ್ತಿತ್ತು.

ಸುದ್ದಿ ಅಮ್ಮನಿಗೆ ಮುಟ್ಟದೆ ಇರುತ್ತದೆಯೆ? ಯಾರೋ ಮುಟ್ಟಿಸಿದರು. ಒಂದು ಸಂಜೆ ಮನೆಗೆ ಬಂದಾಗ ಅಮ್ಮ ಅಳದೆ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಯೇಸು ಹಾಡು ಕೇಳ್ಕಂಡು ಅಳ್ತೀಯಂತೆ? ನಮ್ ಸಿದ್ದಪ್ಪ ನಿಂಗೇನೇ ಕಮ್ಮಿ ಮಾಡಿದ್ದ?"

ನನಗೆ ನಗು ಬಂತು. ಆ ಹಿರಿಯರು ನೀರು ಕುಡಿದು ಹೋದ ಮೇಲೆ ಮೊದಲ ಸಲ ಬಂದ ನಗು ಅದು. ಬಾಗಿಲಲ್ಲೇ ಕುಸಿದು ಕುಳಿತು ನಕ್ಕೆ. ಅಮ್ಮ ನನ್ನನ್ನೇ ನೋಡಿದಳು, ನನ್ನ ಜಡೆಯನ್ನು ನೋಡಿದಳು. ಯಾವ ದೇವರಾದರೂ ಆಗಲಿ, ತಲೆಗೆ ಹೂವು ಇಟ್ಟುಕೊಂಡು ಬಂದೆಯಲ್ಲ, ಅಷ್ಟು ಸಾಕು ಎಂದು ಕಾಫಿ ಬೆರೆಸಲು ಹೋದಳು.

ಹೀಗೆ ಎಲ್ಲವೂ ಸುಸೂತ್ರವಾಗಿ ನಡೆದಿದ್ದಾಗ ರಂಜಿತಾ ಬಂದಳು. ಮಧುಗಿರಿಯ ಕಾಲೇಜಿಗೆ ಹೋಗುವ ಹುಡುಗಿ, ಕೈಯಲ್ಲಿ ಹೊಸ ಫೋನು. ಫೋನನ್ನು ಹಾಡಿನ ಕಡೆ ಹಿಡಿದರೆ ಅದು ಯಾವ ಹಾಡು, ಹಾಡಿದವರು ಯಾರು, ಹಾಡಿನ ಅರ್ಥವೇನು ಎಂದೆಲ್ಲ ಫೋನೇ ಹೇಳುತ್ತದಂತೆ. ಒಂದು ದಿನ ಕೊರಟಗೆರೆಯ ಕಂತಿನಲ್ಲಿ ಅವಳು ಫೋನನ್ನು ಸ್ಪೀಕರಿನ ಕಡೆ ಹಿಡಿದಳು. ನಾನು ದುಪ್ಪಟ್ಟಾದೊಳಗೆ ನನ್ನ ಕೆಲಸದಲ್ಲಿದ್ದೆ. ಹಾಡು ಮುಗಿಯಿತು. ರಂಜಿತಾ ಫೋನು ನೋಡಿ ಜೋರಾಗಿ ನಕ್ಕಳು. ಇದು ದೇವರ ಹಾಡಲ್ಲ ಡ್ರೈವರಣ್ಣ, ಇದು ಲವ್ ಫೇಲ್ಯೂರ್ ಹಾಡು ಎಂದು ಬಸ್ಸಿಗೆಲ್ಲ ಕೇಳುವಂತೆ ಹೇಳಿದಳು. ಅಷ್ಟಕ್ಕೇ ಬಿಡದೆ ಅರ್ಥವನ್ನೂ ಓದಿದಳು. ಫೋನಿನ ಕನ್ನಡ ವಕ್ರವಕ್ರವಾಗಿತ್ತು, ಆದರೆ ತಿಳಿಯುತ್ತಿತ್ತು. ನೀನು ಹೋದೆ. ಯಾಕೆಂದು ಕೇಳಲು ನಾನು ಬಾಗಿಲವರೆಗೆ ಬರುವುದಿಲ್ಲ. ಮುರಿದದ್ದು ಮುರಿದಿದೆ, ನನ್ನದೇ ಎಂದು ಎತ್ತಿಟ್ಟುಕೊಳ್ಳುತ್ತೇನೆ. ಅಳು ಬಂದಾಗ ಅಳುತ್ತೇನೆ, ಹಸಿವಾದಾಗ ಉಣ್ಣುತ್ತೇನೆ. ಹೀಗಿತ್ತು.

ತಿಂಗಳುಗಟ್ಟಲೆ ಅರ್ಥ ಗೊತ್ತಿಲ್ಲದೆ ಅತ್ತದ್ದು ಸರಿಯಾದ ಹಾಡಿಗೇ ಎಂದು ಆಶ್ಚರ್ಯಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಇದು ಬಿಟ್ಟುಹೋದವನ ಹಾಡಾದರೆ, ಈ ಹಾಡಿಗೆ ದಿನಾ ಅಳುವ ಹುಡುಗಿ ಯಾರಿಗಾಗಿ ಅಳುತ್ತಾಳೆ? ಅಷ್ಟು ಲೆಕ್ಕ ಹಾಲಿನ ಕ್ಯಾನಿನವರಿಗೂ ಬರುತ್ತದೆ. ಒಬ್ಬೊಬ್ಬರೇ ನನ್ನ ಕಡೆ ತಿರುಗುವುದು ನನಗೆ ದುಪ್ಪಟ್ಟಾದೊಳಗಿಂದಲೇ ಗೊತ್ತಾಗುತ್ತಿತ್ತು. ಊರಿನಲ್ಲಿ ನನಗಿದ್ದ ಒಂದೇ ಒಂದು ಜಾಗ ಕೈಬಿಟ್ಟು ಹೋಗುತ್ತಿತ್ತು.

ನರಸಮ್ಮ ಹೂ ಕಟ್ಟುವುದನ್ನು ನಿಲ್ಲಿಸಲಿಲ್ಲ. ತಲೆಯನ್ನೂ ಎತ್ತಲಿಲ್ಲ.

"ಬುಟ್ಟೋದೋನ ಮೇಲಿನ ಹಾಡಾ? ಅಂಗಾರೆ ದೇವ್ರ ಹಾಡೇ ಬುಡು. ದೇವ್ರು ಯಾರ ಮನೇಲಿ ನಿಂತವ್ನೆ?"

ಬಸ್ಸು ನಕ್ಕಿತು. ನಕ್ಕದ್ದಷ್ಟೇ ಅಲ್ಲ, ಯಾರ ಯಾರ ದೇವರು ಯಾವ ಯಾವ ಹೊತ್ತಿನಲ್ಲಿ ಕೈಕೊಟ್ಟ ಎಂಬ ಮಾತಿಗೆ ಬಿದ್ದಿತು. ಒಬ್ಬರ ಬೋರ್‌ವೆಲ್, ಒಬ್ಬರ ಸೊಸೆ, ಒಬ್ಬರ ಮಂಡಿನೋವು. ನನ್ನ ಕಡೆ ತಿರುಗಿದ್ದ ಮುಖಗಳೆಲ್ಲ ಒಬ್ಬರಿಗೊಬ್ಬರು ತಿರುಗಿಕೊಂಡವು. ಹನುಮಂತರಾಯಪ್ಪನವರು ಮಾತ್ರ ಮಧುಗಿರಿವರೆಗೆ ಬಾಯಿ ಬಿಡಲಿಲ್ಲ. ನಾಳೆಯಿಂದ ಆ ಹಾಡು ಇರುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಊದುಬತ್ತಿ ಹಚ್ಚಿ ಲವ್ ಫೇಲ್ಯೂರ್ ಹಾಡು ಹಾಕಲು ಯಾವ ಡ್ರೈವರಿಗೆ ಮನಸ್ಸು ಬಂದೀತು?

ಮಾರನೆಯ ದಿನ ಬೇಗ ಹೋಗಿ ಕುಳಿತೆ. ಅವರು ಗಾಜು ತೊಳೆದರು. ಮೂರೂ ಫೋಟೊಗಳಿಗೆ ಬತ್ತಿ ತೋರಿಸಿದರು. ಬತ್ತಿ ಸಿಕ್ಕಿಸಿದ ಕೈ ಯಂತ್ರದ ಹತ್ತಿರ ಹೋಗಿ ನಿಂತಿತು. ಬಸ್ಸಿನಲ್ಲಿ ಎಲ್ಲರೂ ಅದೇ ಕೈಯನ್ನು ನೋಡುತ್ತಿದ್ದೆವು. ಗುಂಡಿ ಒತ್ತಿದರು. ಗಿಟಾರು ಶುರುವಾಯಿತು. ಏನಣ್ಣಾ, ಗೊತ್ತಾದ್ಮೇಲೂ ಅದೇ ಹಾಕ್ತೀಯಲ್ಲ ಎಂದು ರಂಜಿತಾ ಕೇಳಿದಳು. ಅವರು ಕನ್ನಡಿಯಲ್ಲಿ ಅವಳನ್ನು ನೋಡಿದರು.

"ಏಮಮ್ಮಾ, ಇಷ್ಟು ದಿನ ಊದುಬತ್ತಿ ಹಚ್ಚಿದೀನಿ. ಒಂದು ದಿನಾನೂ ಬಸ್ಸು ಕೆಟ್ಟು ನಿಂತಿಲ್ಲ. ಈಗ ನೀನು ದೇವ್ರಲ್ಲ ಅಂದ್ಬುಟ್ರೆ ಆಯ್ತಾ?"

ರಂಜಿತಾ ಫೋನನ್ನು ಚೀಲಕ್ಕೆ ಹಾಕಿಕೊಂಡಳು. ಬಸ್ಸು ಹೊರಟಿತು. ಅಂದು ನಾನು ಅರ್ಥ ತಿಳಿದು ಅತ್ತೆ. ಆ ಅಳು ಬೇರೆ ಥರ ಇತ್ತು. ಯಾವುದೋ ದೇಶದ ಒಬ್ಬ ಹೆಂಗಸು, ಮೈದಾನ ತುಂಬ ಜನ ಸೇರಿಸುವವಳು, ಅವಳನ್ನೂ ಯಾರೋ ಬಿಟ್ಟುಹೋಗಿದ್ದಾರೆ. ಅವಳು ಶಾಪ ಹಾಕುತ್ತಿಲ್ಲ, ಬಾ ಎಂದು ಕರೆಯುತ್ತಲೂ ಇಲ್ಲ. ಅಳು ಬಂದಾಗ ಅತ್ತು, ಹಸಿವಾದಾಗ ಉಣ್ಣುತ್ತೇನೆ ಎನ್ನುತ್ತಿದ್ದಾಳೆ. ನಾನೂ ಅದನ್ನೇ ತಾನೆ ಮಾಡುತ್ತಿರುವುದು, ಬಸ್ಸಿನಲ್ಲಿ ಅಳು, ಮಧ್ಯಾಹ್ನ ಡಬ್ಬಿ. ನನಗೆ ಗೊತ್ತಿಲ್ಲದೆಯೇ ಅವಳು ಹೇಳಿದ ಹಾಗೆ ನಡೆದುಕೊಂಡಿದ್ದೆ. ಅವಳಿಗೆ ಒಂದು ಥ್ಯಾಂಕ್ಸ್ ಹೇಳಬೇಕೆನ್ನಿಸಿತು. ಅವಳ ಭಾಷೆಯಲ್ಲಿ ಅದಕ್ಕೇನೆನ್ನುತ್ತಾರೆಂದು ರಂಜಿತಾಳನ್ನೇ ಕೇಳಿ ಕಲಿತೆ. ಸ್ಪ್ಯಾನಿಷಿನಲ್ಲಿ ನನಗೆ ಬರುವುದು ಆ ಒಂದೇ ಪದ, ಅಷ್ಟೇ ನನಗೆ ಬೇಕಾದದ್ದೂ.

ಮುಂದಿನ ಕಥೆ ಚಿಕ್ಕದು. ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಹಿತಕಿದ ಅವರೆಕಾಳಿನ ಸಾರಿಗೆ ಸಬ್ಬಸಿಗೆ ಸೊಪ್ಪು ಹಾಕಬೇಕೇ ಬೇಡವೇ ಎಂದು ರಂಜಿತಾಳಿಗೂ ನನಗೂ ಜೋರು ವಾದ ಹತ್ತಿತ್ತು. ಹಾಕಲೇಬೇಕೆಂದು ನಾನು, ಕೂಡದೆಂದು ಅವಳು. ವಾದ ಮುಗಿಯುವಷ್ಟರಲ್ಲಿ ಕಿಟಕಿಯಾಚೆ ಮಧುಗಿರಿ ಬೆಟ್ಟ ಕಾಣುತ್ತಿತ್ತು. ಅಭ್ಯಾಸಬಲದಿಂದ ಮುಖ ಒರೆಸಿಕೊಳ್ಳಲು ದುಪ್ಪಟ್ಟಾ ಎತ್ತಿದೆ. ಮುಖ ಒಣಗಿಯೇ ಇತ್ತು. ಎರಡು ಕಂತೂ ದಾಟಿಹೋಗಿದ್ದವು, ನಾನು ಹಾಡು ಕೇಳಿಸಿಕೊಂಡಿರಲೇ ಇಲ್ಲ.

ಇದನ್ನು ನನ್ನ ಜೊತೆ ಗಮನಿಸಿದ್ದವಳು ಒಬ್ಬಳೇ. ಇಳಿದಾಗ ನರಸಮ್ಮ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ನಿಂತಿದ್ದಳು. ನಾನು ಪ್ರಸಾದಕ್ಕೆ ಜಡೆ ಮುಂದೆ ಮಾಡಿದೆ. ಅವಳು ಹೂವು ತೆಗೆಯಲಿಲ್ಲ.

"ಮುಗೀತು ಕಣಮ್ಮ ಪ್ರಸಾದ. ನಾಳೆಯಿಂದ ಕಾಸು ಕೊಟ್ಟು ತಗೋ."

ಯಾಕಜ್ಜಿ ಎಂದೆ. ಅವಳು ಬುಟ್ಟಿ ಕೆಳಗಿಟ್ಟಳು.

"ಪಾವಗಡದೋರು ನಿಂಗೆ ಮುಡಿಸಿದ್ರಲ್ಲ, ಆ ಹೂವು ಕಟ್ಟಿದ್ದೋಳು ನಾನೇ. ಇಷ್ಟು ವರ್ಷ ಕಟ್ಟಿದೀನಿ, ನಾನು ಕಟ್ಟಿದ ಹೂವು ಮುಡಿದ ಹುಡುಗೀರೆಲ್ಲ ಬಾಳ್ವೆ ಮಾಡ್ಕಂಡವ್ರೆ. ನಿಂದೊಂದು ನಿಲ್ಲಲಿಲ್ಲ. ನನ್ ಕೈಗುಣ ಕೆಟ್ಟೋಯ್ತೇನೋ ಅಂತ ನಾನೂ ಅತ್ತಿದೀನಿ ಕಣಮ್ಮ. ಆಮೇಲೆ ನೋಡಿದ್ರೆ ನೀನು ಬರೀ ತಲೇಲಿ ಬಸ್ ಹತ್ತಿ ಅಳ್ತಾ ಕುಂತಿದ್ದೆ. ಯಾರಿಗೆ ಅಳ್ತೀಯ ಅಂತ ನಂಗೆ ಗೊತ್ತಿರಲಿಲ್ವಾ? ನಿನ್ ತಲೇಲಿ ನನ್ ಹೂವು ನಿಲ್ಲೋ ತನಕ ಮುಡಿಸೋದು ಅಂತ ಹಟ ಹಿಡಿದೆ. ಇವತ್ತು ನಿಂತ್ಕಂತು."

ಬುಟ್ಟಿ ಎತ್ತಿಕೊಂಡು ಮಾರ್ಕೆಟ್ಟಿನ ಕಡೆ ಹೋಗಿಯೇಬಿಟ್ಟಳು. ಮೊದಲನೆಯ ದಿನವೇ ಭಕ್ತಿ ಎಂದು ಬಸ್ಸಿನ ಬಾಯಿ ಮುಚ್ಚಿಸಿದ್ದವಳು, ದೇವರು ಯಾರ ಮನೆಯಲ್ಲಿ ನಿಂತಿದ್ದಾನೆ ಎಂದು ಜನರ ಮುಖ ತಿರುಗಿಸಿದ್ದವಳು, ಎಲ್ಲ ತಿಳಿದೇ ಮಾಡಿದ್ದಳು. ಅಜ್ಜಿಯ ಒಲೆಯ ಹೊಗೆ ಎಲ್ಲಿಗೂ ಹೋಗಿರಲಿಲ್ಲ. ಒಬ್ಬ ಮುದುಕಿ ನನಗಾಗಿ ದಿನಾ ಹಸಿ ಕಟ್ಟಿಗೆ ತಳ್ಳುತ್ತಾ ಕುಳಿತಿದ್ದಳು.

ಆಮೇಲೆ ನನಗೆ ಶಿರಾಕ್ಕೆ ವರ್ಗವಾಯಿತು, ಬಸ್ಸಿಗೆ ಹೊಸ ಯಂತ್ರ ಬಂತು, ಬೇಡವಾದ ಪೆನ್‌ಡ್ರೈವನ್ನು ಎಸೆಯಲು ಕೈ ಬಾರದೆ ಹನುಮಂತರಾಯಪ್ಪನವರು ನನಗೆ ಕೊಟ್ಟರು. ಮದುವೆಯೂ ಆಯಿತು. ಸುಖವಾಗಿದ್ದೇನೆ, ಹಾಗಾಗಿ ಅದರಲ್ಲಿ ಬರೆಯುವಂಥದ್ದೇನೂ ಇಲ್ಲ. ನಾನು ನಿಮಗೆ ಹೇಳಬೇಕೆಂದಿದ್ದದ್ದು ಅದಕ್ಕೂ ಮುಂಚಿನ ಒಂದು ಬೆಳಿಗ್ಗೆಯದು, ನರಸಮ್ಮ ಪ್ರಸಾದ ನಿಲ್ಲಿಸಿದ ಮಾರನೆಯ ದಿನದ್ದು. ಅಂದು ಬಸ್ಸು ಹತ್ತಿದವಳೇ ಕಾಸು ಕೊಟ್ಟು ಎರಡು ಮೊಳ ಮಲ್ಲಿಗೆ ಕೊಂಡೆ. ನರಸಮ್ಮ ಚೌಕಾಸಿಗೆ ಅವಕಾಶವನ್ನೇ ಕೊಡಲಿಲ್ಲ. ಒಂದು ಮೊಳವನ್ನು ನಾನೇ ಮುಡಿದೆ. ಇನ್ನೊಂದನ್ನು ಹಿಡಿದು ಡ್ರೈವರ್ ಸೀಟಿನ ಹತ್ತಿರ ಹೋಗಿ, ಹಾಡಿನ ಯಂತ್ರಕ್ಕೆ ಸುತ್ತಿ, ಪೆನ್‌ಡ್ರೈವಿನ ಕರಿದಾರಕ್ಕೆ ಗಂಟು ಹಾಕಿದೆ. ಹನುಮಂತರಾಯಪ್ಪನವರು ಊದುಬತ್ತಿ ಕೈಯಲ್ಲಿ ಹಿಡಿದು ನೋಡುತ್ತಿದ್ದರು.

"ಏಮಮ್ಮಾ, ಇವತ್ತೇನು ವಿಶೇಷ?"

"ಹೂ ಮುಡಿಸೋ ಶಾಸ್ತ್ರ ಅಣ್ಣಾ," ಎಂದೆ.

ಅವರು ತಲೆಯಾಡಿಸಿ, ಬತ್ತಿ ಹಚ್ಚಿ, ಹಾಡು ಹಾಕಿ, ಗೇರು ಹಾಕಿದರು.